ಪೂಜೆಯಾದ ಗೇಜು ಸುಳ್ಳು ಹೇಳೀತೆ?

ಅನುಮಾನ ಪಡುವುದು ನನ್ನ ದುರಭ್ಯಾಸವಲ್ಲ, ಉದ್ಯೋಗ. ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಕಷ್ಟಪಟ್ಟು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ಅದನ್ನು ಅವರ ಮುಖಕ್ಕೇ ಹಿಡಿದು, ಅವರಿಂದ ಬೈಸಿಕೊಳ್ಳುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಈ ಕೆಲಸ ಮಾಡಿ ಮಾಡಿ ನನಗೆ ಒಂದು ವಿಷಯ ಖಚಿತವಾಗಿದೆ. ಎಲ್ಲಾ ಸರಿಯಾಗಿದೆ ಎಂದು ಯಾರಾದರೂ ಹೇಳಿದರೆ, ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಇಂಥ ನನ್ನನ್ನು ಋಣಾನುಬಂಧ ಎಳೆದು ತಂದು ಹಾಕಿದ್ದು ಐರ್ಲೆಂಡಿಗೆ. ಇಲ್ಲಿ ಎಲ್ಲವೂ 'ಗ್ರ್ಯಾಂಡ್', ಅಂದರೆ ಏನೂ ತೊಂದರೆಯಿಲ್ಲ. ಮಳೆ ನಿಂತರೂ ಗ್ರ್ಯಾಂಡ್, ಸುರಿದರೂ ಗ್ರ್ಯಾಂಡ್. ಮಂಡಿಯ ಆಪರೇಷನ್ ಆಗಿ ಕುಂಟುತ್ತಿರುವವರನ್ನು ಹೇಗಿದ್ದೀರಿ ಎಂದು ಕೇಳಿದರೆ ಅವರೂ ಗ್ರ್ಯಾಂಡ್. ಟೆಸ್ಟರ್ ಆದವನು ಇಂಥ ದೇಶದಲ್ಲಿ ಯಾರನ್ನು ನಂಬಬೇಕು ಹೇಳಿ!

ಆ ಮಂಡಿ ನಮ್ಮ ಪಕ್ಕದ ಮನೆಯ ಹ್ಯೂಯಿಯದು. ನನ್ನ ಹೆಂಡತಿ ಸುಮಾ ಲೆಟರ್‌ಕೆನ್ನಿ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್, ನಾನು ಮನೆಯಿಂದಲೇ ಕೆಲಸ. ಊರಿನಿಂದ ಸ್ವಲ್ಪ ಆಚೆ, ಗುಡ್ಡದ ಬುಡದಲ್ಲಿ ನಮ್ಮ ಬಾಡಿಗೆ ಮನೆ. ಗೋಡೆಯಾಚೆ ಹ್ಯೂಯಿ ಒಬ್ಬರೇ ಇದ್ದಾರೆ. ಎಪ್ಪತ್ತು ದಾಟಿದೆ. ಹಿಂದಿನ ಗುಡ್ಡದ ಮೇಲೆ ಅವರ ಕುರಿಗಳು. ನಾವು ಬಂದ ಹೊಸದರಲ್ಲಿ ಬಾಯ್ಲರ್ ಕೆಟ್ಟು ಮನೆ ಐಸ್ ಆದಾಗ ನಮ್ಮನ್ನು ತಮ್ಮ ಮನೆಯಲ್ಲಿ ಮಲಗಿಸಿಕೊಂಡ ಮನುಷ್ಯ. ಅವತ್ತಿನಿಂದ ವಾರ ತಪ್ಪದೆ ಮೊಟ್ಟೆ ಕೊಡುತ್ತಾರೆ. ಮೊದಲೆರಡು ತಿಂಗಳು ನಾನು ಆ ಮೊಟ್ಟೆಗಳನ್ನು ನೀರಿನಲ್ಲಿ ಮುಳುಗಿಸಿ ಪರೀಕ್ಷೆ ಮಾಡಿದೆ. ಒಂದೂ ಕೆಟ್ಟದ್ದು ಸಿಗಲಿಲ್ಲ. ಅದೂ ನನಗೆ ಅನುಮಾನಾಸ್ಪದವಾಗಿಯೇ ಕಂಡಿತ್ತು.

ಹ್ಯೂಯಿಗೆ ಹತ್ತಿರದವರು ಅಂತ ಇರುವುದು ಒಬ್ಬನೇ, ಅಣ್ಣನ ಮಗ ಡೆಕ್ಲನ್. ಪೇಟೆಯಲ್ಲಿ ಸಣ್ಣ ಗ್ಯಾರೇಜು ಇಟ್ಟಿದ್ದಾನೆ. ಪ್ರತಿ ಭಾನುವಾರ ಮಧ್ಯಾಹ್ನ ಊಟಕ್ಕೆ ಬರುತ್ತಾನೆ. ಹ್ಯೂಯಿ ಬೆಳಿಗ್ಗೆಯಿಂದಲೇ ಆಲೂಗಡ್ಡೆ ಸುಲಿಯುತ್ತಾ ಕಿಟಕಿಯಿಂದ ರಸ್ತೆ ನೋಡುತ್ತಿರುತ್ತಾರೆ. ಇಡೀ ವಾರದಲ್ಲಿ ಆ ಮನೆಯಿಂದ ನಗು ಕೇಳಿಸುವುದು ಅವತ್ತೇ.

ಇನ್ನು ಕಥಾನಾಯಕ, ಅಂದರೆ ಸ್ನೋಮೊಬೈಲ್. ಮುಂದೆ ಎರಡು ಸ್ಕೀ, ಹಿಂದೆ ಚಕ್ರದ ಬದಲು ಅಗಲವಾದ ರಬ್ಬರ್ ಪಟ್ಟಿ, ನಡುವೆ ಸ್ಕೂಟರಿನ ಥರ ಸೀಟು. ಹಿಮದ ಮೇಲೆ ಓಡುವ ಗಾಡಿ. ಐರ್ಲೆಂಡಿನಲ್ಲಿ ಇದನ್ನು ಇಟ್ಟುಕೊಳ್ಳುವುದು ಅಂದರೆ ರಾಯಚೂರಿನಲ್ಲಿ ರೂಮ್ ಹೀಟರ್ ಇಟ್ಟುಕೊಂಡ ಹಾಗೆ. ಹ್ಯೂಯಿ ವಯಸ್ಸಿನಲ್ಲಿ ಕೆನಡಾದಲ್ಲಿ ದುಡಿದವರು, ವಾಪಸು ಬರುವಾಗ ಸಾಮಾನಿನ ಜೊತೆ ಇದನ್ನೂ ಹೊತ್ತು ತಂದರು. ವರ್ಷವೆಲ್ಲಾ ಟಾರ್ಪಾಲಿನ ಕೆಳಗೆ ಮಲಗಿರುತ್ತದೆ. ಆದರೆ ಚಳಿಗಾಲದಲ್ಲಿ ಒಂದೆರಡು ಸಲ ಗುಡ್ಡದ ಮೇಲೆ ಹಿಮ ಕೂತಾಗ ಟ್ರ್ಯಾಕ್ಟರು ಹತ್ತುವುದಿಲ್ಲ. ಆಗ ಕುರಿಗಳಿಗೆ ಮೇವು ಹೊರುವುದು ಇದೇ. ಮಂಡಿ ಬದಲಾಯಿಸಿಕೊಂಡ ಮೇಲಂತೂ ಹ್ಯೂಯಿಗೆ ಗುಡ್ಡ ಹತ್ತಲು ಬೇರೆ ದಾರಿಯೇ ಇಲ್ಲ.

ಜನವರಿಯ ಒಂದು ಬೆಳಿಗ್ಗೆ, ಮುಂದಿನ ವಾರ ಹಿಮ ಬೀಳುತ್ತದೆ ಎಂದು ರೇಡಿಯೊ ಹೇಳಿತು. ಹ್ಯೂಯಿ ಟಾರ್ಪಾಲು ತೆಗೆದು, ಸ್ಟಾರ್ಟ್ ಮಾಡುವ ಹಗ್ಗ ಎಳೆದರು. ಎಳೆದರು. ಮತ್ತೂ ಎಳೆದರು. ಗಾಡಿ ಕೆಮ್ಮಿತು, ಏಳಲಿಲ್ಲ. ನಾನು ಗೋಡೆಗೆ ಒರಗಿ ಕಾಫಿ ಕುಡಿಯುತ್ತಾ ನೋಡುತ್ತಿದ್ದೆ. ಹೋದ ವರ್ಷದ ಪೆಟ್ರೋಲು ಹಳಸಿರಬೇಕು, ಬಸಿದು ಹೊಸದು ಹಾಕಿದರೆ ಗ್ರ್ಯಾಂಡ್ ಎಂದರು ಹ್ಯೂಯಿ.

ಇಷ್ಟು ಸುಲಭದ ಕಾರಣ ಇರುತ್ತದೆಯೇ? ಸಾಧ್ಯವೇ ಇಲ್ಲ. ನನ್ನೊಳಗಿನ ಟೆಸ್ಟರ್ ಎದ್ದು ಕೂತ. ನಾನೊಬ್ಬ ಮೆಕ್ಯಾನಿಕಲ್ ಇಂಜಿನಿಯರ್ ಎಂಬುದನ್ನು ಹ್ಯೂಯಿಗೆ ಗಂಭೀರವಾಗಿ ತಿಳಿಯಪಡಿಸಿದೆ. ಸುಳ್ಳಲ್ಲ. ಮೈಸೂರಿನ ಕಾಲೇಜಿನಿಂದ ಸರ್ಟಿಫಿಕೇಟು ಇದೆ. ಇಂಜಿನ್ ಲ್ಯಾಬಿನಲ್ಲಿ ನಾನು ಸ್ಪ್ಯಾನರ್ ಮುಟ್ಟದೆ, ಬೇರೆಯವರು ಬಿಚ್ಚಿದ್ದನ್ನು ನೋಡಿ ಚಿತ್ರ ಬರೆದು ಪಾಸಾದ ವಿಷಯ ಸರ್ಟಿಫಿಕೇಟಿನಲ್ಲಿ ನಮೂದಾಗಿಲ್ಲ, ಆದ್ದರಿಂದ ನಾನೂ ಹೇಳಲಿಲ್ಲ.

ಇದಕ್ಕಿಂತ ಮುಖ್ಯ, ನನ್ನ ಹತ್ತಿರ ಕಂಪ್ರೆಷನ್ ಗೇಜ್ ಇತ್ತು. ಇಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ನು ಗಾಳಿಯನ್ನು ಎಷ್ಟು ಬಿಗಿಯಾಗಿ ಒತ್ತುತ್ತದೆ ಎಂದು ಅಳೆಯುವ ಮೀಟರು. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಸೀಟಿ ಬರುವುದಿಲ್ಲವಲ್ಲ, ಹಾಗೆಯೇ ಸಿಲಿಂಡರಿನಲ್ಲಿ ಒತ್ತಡ ನಿಲ್ಲದಿದ್ದರೆ ಇಂಜಿನ್ ಏಳುವುದಿಲ್ಲ. ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ನಡುಸಾಲು ಅಂತ ಒಂದು ಮಾಯಾಲೋಕ ಇದೆ. ಹಾಲು ತರಲು ಹೋದ ಗಂಡಸರು ಅಲ್ಲಿಂದ ವೆಲ್ಡಿಂಗ್ ಮಿಷನ್ ಹಿಡಿದು ಬರುತ್ತಾರೆ. ಹೋದ ಅಕ್ಟೋಬರಿನಲ್ಲಿ ನಾನು ಗೇಜು ಹಿಡಿದು ಬಂದಿದ್ದೆ, ಹಾಲು ಮರೆತಿದ್ದೆ.

ಅದರ ಮರುವಾರವೇ ಆಯುಧಪೂಜೆ ಬಂದಿತ್ತು. ಲ್ಯಾಪ್‌ಟಾಪು, ಡ್ರಿಲ್ಲು, ಸುಮಾಳ ಸ್ಟೆತಸ್ಕೋಪು, ಎಲ್ಲದರ ನಡುವೆ ಹೊಸ ಗೇಜನ್ನು ಮಣೆಯ ಮೇಲೆ ಕೂರಿಸಿದ್ದೆ. ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಬೆಳಗಿ, ಹೊಸದು ಅನ್ನುವ ಅಭಿಮಾನಕ್ಕೆ ಅದರ ಮೇಲೆ ಅಕ್ಷತೆ ಸ್ವಲ್ಪ ಧಾರಾಳವಾಗಿಯೇ ಸುರಿದಿದ್ದೆ. ಸಾಕು ನಿಲ್ಸಿ, ಆಮೇಲೆ ವ್ಯಾಕ್ಯೂಮ್ ಹಿಡಿಯೋಳು ನಾನು ಎಂದು ಸುಮಾ ಗೊಣಗಿದ್ದಳು. ಭಕ್ತಿಗೆ ಅಳತೆ ಇಲ್ಲ ಎಂದು ನಾನು ಉತ್ತರಿಸಿದ್ದೆ. ಅವತ್ತು ಡಬ್ಬಿ ಸೇರಿದ ಗೇಜು, ಈಗ ಹ್ಯೂಯಿಯ ಶೆಡ್ಡಿನಲ್ಲಿ ಮೊದಲ ಸಲ ಹೊರಗೆ ಬಂತು.

ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜಿನ ಪೈಪು ತಿರುಗಿಸಿ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಹ್ಯೂಯಿಗೆ ಹಗ್ಗ ಎಳೆಯಲು ಹೇಳಿದೆ. ಸೂಜಿ ಚೂರು ಏರಿತು, ತಕ್ಷಣ ಸೊನ್ನೆಗೆ ಬಿತ್ತು. ಮತ್ತೆ ಎಳೆದರು. ಏರಿತು, ಬಿತ್ತು. ಎರಡನೇ ಸಿಲಿಂಡರಿನಲ್ಲೂ ಅದೇ ಕಥೆ. ನಾನು ತಲೆ ಅಲ್ಲಾಡಿಸಿದೆ. ಪಿಸ್ಟನ್ನಿನ ರಿಂಗು ಸವೆದಿದ್ದರೆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟಾಗ ಒತ್ತಡ ಏರಬೇಕು, ಹಾಗಂತ ಯೂಟ್ಯೂಬಿನ ಒಂದು ವಿಡಿಯೊದಲ್ಲಿ ಹೇಳಿದ್ದರು. ಸುಮಾಳ ಒಗ್ಗರಣೆ ಚಮಚ ತಂದು ಇಂಜಿನ್ ಆಯಿಲ್ ಬಿಟ್ಟೆ. ಸೂಜಿ ಕದಲಲಿಲ್ಲ. ಚಮಚ ತೊಳೆದು ಸದ್ದಿಲ್ಲದೆ ಜಾಗದಲ್ಲಿಟ್ಟೆ. ಮರುದಿನದ ಸಾರಿನ ಬಗ್ಗೆ ಇಲ್ಲಿ ಹೇಳುವುದು ಬೇಡ.

ಅಂದಮೇಲೆ ರಿಂಗು ಸರಿಯಾಗಿದೆ. ಹೋಗಿರುವುದು ಸಿಲಿಂಡರಿಗೂ ಅದರ ಮೇಲಿನ ಮುಚ್ಚಳಕ್ಕೂ ನಡುವಿನ ಗ್ಯಾಸ್ಕೆಟ್ಟೇ ಇರಬೇಕು. ಅದು ತಾನಾಗಿ ಹೋಗುತ್ತದೆಯೇ? ಅದೂ ಎರಡೂ ಸಿಲಿಂಡರಿನಲ್ಲಿ ಒಟ್ಟಿಗೆ? ಹೋದ ವರ್ಷ ಇದರ ಸರ್ವೀಸ್ ಮಾಡಿದ್ದು ಯಾರು ಎಂದು ಕೇಳಿದೆ. ಡೆಕ್ಲನ್ ಎಂದರು ಹ್ಯೂಯಿ.

ಆಹಾ!

ನಾನು ಕೈ ಒರೆಸಿಕೊಂಡು, ತನಿಖಾಧಿಕಾರಿಯ ಧ್ವನಿಯಲ್ಲಿ ಹೇಳಿದೆ. "ನೋಡಿ ಹ್ಯೂಯಿ, ಯಾರ ಮೇಲೂ ಆಪಾದನೆ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಒಳ್ಳೆಯ ಭಾಗಗಳನ್ನು ತೆಗೆದುಕೊಂಡು ಹಳೆಯದನ್ನು ಹಾಕಿರುವ ಸಾಧ್ಯತೆಯನ್ನು ತಳ್ಳಿಹಾಕಲು ಬರುವುದಿಲ್ಲ."

ಹ್ಯೂಯಿ ತಲೆಯ ಟೋಪಿ ತೆಗೆದು, ಮತ್ತೆ ಹಾಕಿಕೊಂಡರು. "ಡೆಕ್ಲನ್ ಅಂಥವನಲ್ಲ, ಶ್ರೀ. ನಿನ್ನ ಮೀಟರೇ ಸರಿ ಇಲ್ಲದಿರಬಹುದಲ್ಲ?"

ನನಗೆ ಸಿಟ್ಟೇ ಬಂತು. ಹೊಸ ಗೇಜು. ಅದೂ ಪೂಜೆಯಾದದ್ದು! ನಮ್ಮಲ್ಲಿ ಉಪಕರಣಗಳಿಗೆ ವರ್ಷಕ್ಕೊಮ್ಮೆ ಪೂಜೆ ಮಾಡುತ್ತೇವೆ, ಪೂಜೆಯಾದ ಮೇಲೆ ಅವು ಕೈ ಕೊಡುವುದಿಲ್ಲ ಎಂದು ವಿವರಿಸಿದೆ. ಹ್ಯೂಯಿ ದೈವಭಕ್ತರು, ಪ್ರತಿ ವಾರ ಚರ್ಚಿಗೆ ಹೋಗುವವರು. ಪೂಜೆ ಎಂದ ಮೇಲೆ ಅವರು ಎದುರು ಮಾತಾಡಲಿಲ್ಲ. ಆ ಮಾತು ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಶನಿವಾರ ಇಂಜಿನ್ನಿನ ತಲೆ, ಅಂದರೆ ಆ ಮುಚ್ಚಳ, ಬಿಚ್ಚಿದೆ. ಒಳಗೆ ಸಿಲಿಂಡರುಗಳು ಹೊಸ ಸ್ಟೀಲ್ ಲೋಟದ ಹಾಗೆ ಫಳಫಳ ಹೊಳೆಯುತ್ತಿದ್ದವು. ಒಂದು ಗೀರಿಲ್ಲ. ಬೇರೆ ಯಾರಾದರೂ ಆಗಿದ್ದರೆ, ಇಂಜಿನ್ ಚೆನ್ನಾಗಿದೆಯಪ್ಪಾ ಎಂದು ಮುಚ್ಚುತ್ತಿದ್ದರು. ನನಗೆ ಅನುಮಾನ ಇನ್ನೂ ಹೆಚ್ಚಾಯಿತು. ಇಷ್ಟೊಂದು ಹೊಳೆಯುವುದೆಂದರೆ? ಯಾರೋ ಸಾಕ್ಷ್ಯ ನಾಶ ಮಾಡಲು ಪಾಲಿಶ್ ಹಾಕಿದ್ದಾರೆ! ಇನ್ನು ಗ್ಯಾಸ್ಕೆಟ್ಟು ಬಿಚ್ಚುವಾಗ ಹರಿದು ಬಂತು. ಮೊದಲೇ ಹರಿದಿತ್ತೋ, ನಾನು ಸ್ಕ್ರೂಡ್ರೈವರಿನಿಂದ ಮೀಟಿದಾಗ ಹರಿಯಿತೋ ಎಂಬ ಪ್ರಶ್ನೆಯನ್ನು ನಾನು ತನಿಖೆಯ ವ್ಯಾಪ್ತಿಯಿಂದ ಹೊರಗಿಟ್ಟೆ.

ಭಾನುವಾರ ಡೆಕ್ಲನ್ ಎಂದಿನಂತೆ ಬಂದ. ನಾನು ಅಡುಗೆಮನೆಯ ಕಿಟಕಿಯಲ್ಲಿ ಈರುಳ್ಳಿ ಹೆಚ್ಚುವ ನೆಪದಲ್ಲಿ ನಿಂತಿದ್ದೆ. ಹ್ಯೂಯಿ ನನ್ನ ಅನುಮಾನವನ್ನು ಅವನಿಗೆ ಹೇಳಿರಬೇಕು, ಸ್ವಲ್ಪ ಹೊತ್ತಿಗೆ ಅವನು ಹೊರಗೆ ಬಂದು, ಶೆಡ್ಡಿಗೆ ಹೋಗಿ, ಬಿಚ್ಚಿಟ್ಟ ಇಂಜಿನ್ ನೋಡಿ, ಊಟಕ್ಕೂ ಕೂರದೆ ವ್ಯಾನು ಹತ್ತಿ ಹೊರಟುಹೋದ. ಹ್ಯೂಯಿ ಬಾಗಿಲಲ್ಲಿ ನಿಂತೇ ಇದ್ದರು. ಕೈಯಲ್ಲಿ ಇನ್ನೂ ಬಡಿಸುವ ಸೌಟು ಇತ್ತು. ನಾನು ಕಿಟಕಿಯಿಂದ ಪಕ್ಕಕ್ಕೆ ಸರಿದೆ.

"ಏನ್ರೀ ಹೇಳಿದ್ರಿ ಹ್ಯೂಯಿಗೆ?" ಸುಮಾ ಹಿಂದಿನಿಂದ ಕೇಳಿದಳು.

ಏನಿಲ್ಲ, ಸತ್ಯ ಹೇಳಿದೆ ಎಂದೆ. ನಿಮ್ಮ ಸತ್ಯದ ಬಗ್ಗೆ ನಂಗೆ ಭಯ ಎಂದು ಅವಳು ಒಳಗೆ ಹೋದಳು.

ಸತ್ಯ ಇನ್ನಷ್ಟು ಗಟ್ಟಿಯಾಗಲಿ ಎಂದು ಸೋಮವಾರ ಅದೇ ಗೇಜಿನಿಂದ ನಮ್ಮ ಕಾರನ್ನು ಪರೀಕ್ಷೆ ಮಾಡಿದೆ. ಸರಿಯಾದ ಇಂಜಿನ್ನಿನಲ್ಲಿ ಸೂಜಿ ಎಲ್ಲಿಗೆ ಏರುತ್ತದೆ ಎಂದು ತೋರಿಸಿದರೆ ಹ್ಯೂಯಿಗೂ ಸಮಾಧಾನವಾಗುತ್ತದೆ ಅಂತ. ಡ್ಯೂಟಿಗೆ ಹೊರಟ ಸುಮಾಳನ್ನು ಸ್ಟೀರಿಂಗಿನ ಮುಂದೆ ಕೂರಿಸಿ ಕೀ ತಿರುಗಿಸು ಎಂದೆ. ಸೂಜಿ ಚೂರು ಏರಿತು. ಬಿತ್ತು.

ನಾನು ಬೆವತೆ. ನಮ್ಮ ಕಾರಿನಲ್ಲೂ ಕಂಪ್ರೆಷನ್ ಇಲ್ಲ! ಕೊಂಡಾಗ ಆ ಮಾರಾಟಗಾರ ಅತಿಯಾಗಿ ನಕ್ಕಿದ್ದು ನೆನಪಾಯಿತು. ಅವಸರದಲ್ಲಿ ನಮ್ಮ ಹುಲ್ಲು ಕತ್ತರಿಸುವ ಮಿಷನ್ ಎಳೆದು ತಂದೆ. ಅದರಲ್ಲೂ ಇಲ್ಲ! ಎದುರು ಮನೆಯವರು ಊರಲ್ಲಿರಲಿಲ್ಲ, ಅವರ ಅಂಗಳದಲ್ಲಿದ್ದ ಮಿಷನ್ನಿಗೂ ಗೇಜು ಹಾಕಿದೆ. ಇಲ್ಲ! ಸ್ನೋಮೊಬೈಲೂ ಸೇರಿ ನಾಲ್ಕು ಬೇರೆ ಬೇರೆ ಇಂಜಿನ್, ಒಂದೇ ರೋಗ. ಡೆಕ್ಲನ್ ಒಬ್ಬನ ಕೆಲಸವಲ್ಲ ಇದು, ಇದರ ಹಿಂದೆ ದೊಡ್ಡ ಜಾಲವೇ ಇದೆ ಎಂದು ನನಗೆ ಮನವರಿಕೆಯಾಯಿತು. ಈ ಎಲ್ಲಕ್ಕೂ ಸಮಾನವಾದದ್ದು ಏನು? ಪೆಟ್ರೋಲು!

ಕೂಡಲೇ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದು ಪ್ರಕಟಣೆ ಹೊರಡಿಸಿದೆ. ಈ ಭಾಗದ ಪೆಟ್ರೋಲಿನಿಂದ ಇಂಜಿನ್ನುಗಳು ಒಳಗಿಂದೊಳಗೇ ಸಾಯುತ್ತಿರುವುದು ನನ್ನ ಸ್ವತಂತ್ರ ತನಿಖೆಯಿಂದ ದೃಢಪಟ್ಟಿದೆ, ಸಾರ್ವಜನಿಕರು ಎಚ್ಚರದಿಂದಿರಬೇಕು ಅಂತ. ಸಂಜೆಯೊಳಗೆ ಗುಂಪಿನಲ್ಲಿ ಹಾಹಾಕಾರ. ಒಬ್ಬರು ತಮ್ಮ ಕಾರು ಈಚೆಗೆ ಜಾಸ್ತಿ ಸದ್ದು ಮಾಡುತ್ತಿದೆ ಎಂದರು. ಇನ್ನೊಬ್ಬರು ಡಬ್ಲಿನ್ ಪ್ರಯಾಣ ರದ್ದು ಮಾಡಿದರು. ನನ್ನ ಫೋನಿಗೆ ಬಿಡುವಿಲ್ಲ. ಇಷ್ಟು ವರ್ಷ ಯಾರೂ ನನ್ನನ್ನು ಹೀಗೆ ಗೌರವದಿಂದ ಮಾತಾಡಿಸಿರಲಿಲ್ಲ.

ಮಂಗಳವಾರ ಸಂಜೆ ಹಿಮ ಶುರುವಾಯಿತು. ನಾವು ಊಟಕ್ಕೆ ಕೂತಿದ್ದೆವು. ಹೊರಗೆ ಗುಡ್ಡ ನಿಧಾನವಾಗಿ ಬೆಳ್ಳಗಾಗುತ್ತಿತ್ತು. ನಾನು ಚಪಾತಿ ಮುರಿಯುತ್ತಾ ನನ್ನ ತನಿಖೆಯ ಮುಂದಿನ ಹಂತದ ಬಗ್ಗೆ ಹೇಳುತ್ತಿದ್ದೆ. ಸುಮಾ ಪಲ್ಯ ಬಡಿಸುತ್ತಾ ಕೇಳಿದಳು.

"ರೀ, ನಮ್ಮ ವಾರ್ಡಲ್ಲಿ ಸಾಲಾಗಿ ಎಲ್ಲರಿಗೂ ಬಿಪಿ ಲೋ ತೋರಿಸಿದ್ರೆ ನಾವು ಏನ್ಮಾಡ್ತೀವಿ ಗೊತ್ತಾ?"

"ಡಾಕ್ಟರನ್ನ ಕರೀತೀರಿ."

"ಬೇರೆ ಮಿಷನ್ ತರ್ತೀವಿ."

ಚಪಾತಿ ಕೈಯಲ್ಲೇ ಉಳಿಯಿತು. ನಾನು ಎದ್ದು ಗೇಜು ತಂದೆ. ಪೈಪಿನ ತುದಿಯಲ್ಲಿ, ಸೈಕಲ್ ಟ್ಯೂಬಿನ ವಾಲ್ವಿನಂಥದ್ದೇ ಒಂದು ಪುಟ್ಟ ವಾಲ್ವು ಇರುತ್ತದೆ. ಒಳಗೆ ಹೋದ ಗಾಳಿಯನ್ನು ಹೊರಗೆ ಬಿಡದೆ ಹಿಡಿದಿಡುವುದು ಅದರ ಕೆಲಸ. ಸುಮಾ ತಲೆಯಿಂದ ಒಂದು ಹೇರ್‌ಪಿನ್ ತೆಗೆದುಕೊಟ್ಟಳು. ತೂರಿಸಿ ಮೀಟಿದೆ. ಮೇಜಿನ ಮೇಲೆ ಟಿಕ್ ಎಂದು ಏನೋ ಬಿತ್ತು.

ಒಂದು ಅಕ್ಕಿಕಾಳು. ಹಳದಿ ಬಣ್ಣ.

ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಮೂರು ತಿಂಗಳಿನಿಂದ ಆ ಅಕ್ಷತೆ ವಾಲ್ವನ್ನು ಮುಚ್ಚಲು ಬಿಡದೆ ನನ್ನನ್ನು ಆಶೀರ್ವದಿಸುತ್ತಾ ಕೂತಿತ್ತು! ಹೊರಗೆ ಓಡಿ, ಸುರಿಯುವ ಹಿಮದಲ್ಲೇ ಕಾರಿಗೆ ಗೇಜು ಹಾಕಿದೆ. ಸೂಜಿ ಸರ್ರನೆ ಮೇಲೇರಿ ಅಲ್ಲೇ ನಿಂತಿತು. ಕಾರು ಸರಿಯಾಗಿತ್ತು. ಬಂಕಿನ ಪೆಟ್ರೋಲು ಸರಿಯಾಗಿತ್ತು. ಹ್ಯೂಯಿ ಹೇಳಿದ ಹಾಗೆ ಹಳಸಿದ ಪೆಟ್ರೋಲು ಬಿಟ್ಟರೆ ಸ್ನೋಮೊಬೈಲೂ ಸರಿಯಾಗಿಯೇ ಇತ್ತು, ನಾನು ಬಿಚ್ಚುವವರೆಗೆ. ಡೆಕ್ಲನ್ ಸರಿಯಾಗಿದ್ದ. ಅದನ್ನು ನೆನೆದಾಗ ಮಾತ್ರ ನಗು ಬರಲಿಲ್ಲ.

"ಈಗ್ಲೇ ಹೋಗಿ ಹೇಳಿ" ಎಂದಳು ಸುಮಾ. ಬೆಳಿಗ್ಗೆ ಹೇಳುತ್ತೇನೆ ಎಂದೆ. ಹೇಡಿ ನಾನು.

ಬೆಳಿಗ್ಗೆ ಪರದೆ ಸರಿಸಿದರೆ ಎಲ್ಲಾ ಬಿಳಿ. ಹ್ಯೂಯಿ ಒಂದು ಕೈಯಲ್ಲಿ ಕೋಲು, ಬೆನ್ನ ಮೇಲೆ ಮೇವಿನ ಮೂಟೆ ಇಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದರು. ಗುಡ್ಡದ ಮೇಲೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಕಾಯುತ್ತಿದ್ದವು. ಹ್ಯೂಯಿ ಒಂದು ಹೆಜ್ಜೆ ಇಟ್ಟರು, ಜಾರಿದರು, ಗೇಟು ಹಿಡಿದುಕೊಂಡರು. ನಾನು ಚಪ್ಪಲಿಯಲ್ಲೇ ಓಡಿದೆ.

ಮೂಟೆ ಕಸಿದುಕೊಂಡು, ಉಸಿರು ಕಟ್ಟಿ, ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿದೆ. ಪೂಜೆ, ಅಕ್ಷತೆ, ವಾಲ್ವು, ಹೇರ್‌ಪಿನ್ನು. ಹ್ಯೂಯಿ ಕೋಲನ್ನು ಗೇಟಿಗೆ ಒರಗಿಸಿದರು. ಆಮೇಲೆ, ಆ ಅಕ್ಕಿ ಹಾಕುವುದು ಯಾಕೆ ಎಂದು ಕೇಳಿದರು. ಒಳ್ಳೆಯದಾಗಲಿ ಅಂತ ಎಂದೆ. ಅವರು ನಗಲಿಲ್ಲ.

"ನನಗೆ ಹೇಳಿದ್ದು ಸಾಕು ಶ್ರೀ. ಅವನಿಗೆ ಹೇಳು."

ತಮ್ಮ ಫೋನನ್ನೇ ಒತ್ತಿ ನನ್ನ ಕೈಗೆ ಕೊಟ್ಟರು. ನನ್ನ ಜೀವಮಾನದಲ್ಲಿ ಎಷ್ಟೋ ಪ್ರೋಗ್ರಾಮರುಗಳಿಗೆ ನಿಮ್ಮ ಕೆಲಸದಲ್ಲಿ ತಪ್ಪಿದೆ ಎಂದು ಹೇಳಿದ್ದೇನೆ. ನನ್ನದರಲ್ಲಿ ತಪ್ಪಿದೆ ಎಂದು ಹೇಳುವುದು ಅಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಆ ಕಡೆ ಡೆಕ್ಲನ್ ಪೂರ್ತಿ ಕೇಳಿದ.

"ಅಕ್ಕಿ?" ಎಂದ.

"ಅಕ್ಕಿ" ಎಂದೆ.

ಫೋನ್ ಕಟ್ ಆಯಿತು. ಮುಗಿಯಿತು ಕಥೆ, ಇವನು ಇನ್ನು ಬರುವುದಿಲ್ಲ ಎಂದುಕೊಂಡೆ. ಅನುಮಾನ ನೋಡಿ, ಅಷ್ಟಾದರೂ ಹೋಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ವ್ಯಾನು ತಿರುವಿನಲ್ಲಿ ಕಾಣಿಸಿತು. ಅಲ್ಲಿಂದ ಮುಂದೆ ಹಿಮದಲ್ಲಿ ಬರಲಾರದೆ, ಇಳಿದು ನಡೆದೇ ಬಂದ. ಚಿಕ್ಕಪ್ಪನ ಭುಜಕ್ಕೆ ಒಮ್ಮೆ ತಟ್ಟಿದ. ಇಬ್ಬರೂ ಹವಾಮಾನದ ಬಗ್ಗೆ ಏನೋ ಮಾತಾಡಿಕೊಂಡರು. ಇವರಲ್ಲಿ ಕ್ಷಮೆ ಕೇಳುವುದು, ಕೊಡುವುದು, ಎರಡೂ ಹವಾಮಾನದ ಮೂಲಕವೇ. ಆಮೇಲೆ ಡೆಕ್ಲನ್ ಶೆಡ್ಡಿಗೆ ಹೋಗಿ ನಾನು ಹರಿದ ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ. ಇಷ್ಟು ಹಳೇ ಗಾಡಿಯ ಗ್ಯಾಸ್ಕೆಟ್ಟು ಹೊರದೇಶದಿಂದ ಬರಬೇಕು, ಅಲ್ಲಿಯವರೆಗೆ ಸ್ನೋಮೊಬೈಲು ನೀನೇ ಎಂದು ನನಗೆ ಹೇಳಿದ.

ನ್ಯಾಯವಾದ ತೀರ್ಪು. ಸುಮಾ ತನ್ನ ಹಳೇ ಶಾಲನ್ನು ಸಿಂಬೆ ಸುತ್ತಿ ನನ್ನ ತಲೆಯ ಮೇಲಿಟ್ಟಳು, ಡೆಕ್ಲನ್ ಅದರ ಮೇಲೆ ಮೂಟೆ ಹೇರಿದ. ತಾನು ಹೆಗಲಿಗೆ ಎರಡು ಮೂಟೆ ಹಾಕಿಕೊಂಡು ಮುಂದೆ ನಡೆದ. ಅವನು ಗುಡ್ಡ ಹತ್ತಿದ. ನಾನು ಏರಿದೆ, ಬಿದ್ದೆ. ಏರಿದೆ, ಬಿದ್ದೆ. ಥೇಟ್ ಆ ಸೂಜಿ. ಕೊನೆಗೆ ಮೇವು ಸುರಿದಾಗ ಕುರಿಗಳು ಮುತ್ತಿಕೊಂಡವು. ಒಂದು ಮುದಿ ಕುರಿ ಮಾತ್ರ ದೂರ ನಿಂತು, ಮೇವನ್ನೂ ನನ್ನನ್ನೂ ಬಹಳ ಹೊತ್ತು ಅನುಮಾನದಿಂದ ನೋಡಿತು. ಅದರ ಮೇಲೆ ನನಗೆ ಗೌರವ ಹುಟ್ಟಿತು.

ಇಳಿದು ಬಂದಾಗ ಹ್ಯೂಯಿಯ ಅಡುಗೆಮನೆಯಲ್ಲಿ ಸೂಪು ಕಾಯುತ್ತಿತ್ತು. ಬುಧವಾರ ಆದರೂ ಆ ಮನೆಯಲ್ಲಿ ಭಾನುವಾರದ ನಗು ಕೇಳುತ್ತಿತ್ತು, ಅದೂ ಪೂರ್ತಿ ನನ್ನ ಖರ್ಚಿನಲ್ಲಿ. ನಾನು ಕುರ್ಚಿಯಲ್ಲಿ ಕುಸಿದು ತಿದಿ ಒತ್ತಿದ ಹಾಗೆ ಏದುಸಿರು ಬಿಡುತ್ತಿದ್ದೆ. ಸುಮಾ ಮುಖ ನೋಡಿ ಗಾಬರಿಯಾಗಿ, ಮನೆಯಿಂದ ಬಿಪಿ ಮಿಷನ್ ತಂದು ತೋಳಿಗೆ ಕಟ್ಟಿದಳು. ಅಂಕಿ ಏರಿತು, ಏರಿತು, ಏರುತ್ತಲೇ ಹೋಯಿತು. ಅವಳು ಹುಬ್ಬು ಗಂಟು ಹಾಕಿದಳು. ನಾಳೆಯಿಂದ ಉಪ್ಪಿನಕಾಯಿ ಬಂದ್, ದಿನಾ ವಾಕಿಂಗ್ ಎಂದಳು.

ನಾನು ಸುಲಭಕ್ಕೆ ಒಪ್ಪುವವನೇ? ಅವಳೇ ಕಲಿಸಿದ ಪಾಠ ಇತ್ತಲ್ಲ. "ಮೊದಲು ಮಿಷನ್ ಚೆಕ್ ಮಾಡು ಸುಮಾ" ಎಂದೆ.

ಅವಳು ಅದನ್ನು ಬಿಚ್ಚಿ ಡೆಕ್ಲನ್ ತೋಳಿಗೆ ಕಟ್ಟಿದಳು. ಸರಿಯಾಗಿತ್ತು. ಎಪ್ಪತ್ತು ದಾಟಿದ, ಮಂಡಿ ಬದಲಾಯಿಸಿದ, ಬೆಣ್ಣೆ ಇಲ್ಲದೆ ತುತ್ತೆತ್ತದ ಹ್ಯೂಯಿಯ ತೋಳಿಗೆ ಕಟ್ಟಿದಳು. ಹುಡುಗನ ಬಿಪಿ! "ಗ್ರ್ಯಾಂಡ್" ಎಂದರು ಹ್ಯೂಯಿ.

ಮಿಷನ್ ಸರಿಯಾಗಿಯೇ ಇತ್ತು. ಅದಕ್ಕೆ ನಾನು ಪೂಜೆ ಮಾಡಿರಲಿಲ್ಲ ನೋಡಿ.